ಕ್ರೈಸ್ತ ನಂಬಿಕೆಯಲ್ಲಿ ಮಕ್ಕಳನ್ನು ಬೆಳೆಸುವುದು: ಆನಂದ, ಹೋರಾಟ ಮತ್ತು ದಿನದಿನದ ದಾರಿ

ಸತ್ಯವೇದದ (ಬೈಬಲಿನ) ನ್ಯಾಯಸ್ಥಾಪಕರ ಪುಸ್ತಕದ 13ನೆಯ ಅಧ್ಯಾಯದಲ್ಲಿ ಮಾನೋಹನ ಕಥೆಯಿದೆ. ಮಕ್ಕಳಿಲ್ಲದ ಅವನ ಹೆಂಡತಿಗೆ ದೇವದೂತನು ಕಾಣಿಸಿಕೊಂಡು, ಗಂಡುಮಗು ಹುಟ್ಟುವುದೆಂದು ತಿಳಿಸಿ ಹೋಗುತ್ತಾನೆ. ಸುದ್ದಿ ಕೇಳಿದ ಮಾನೋಹನು ದೇವರಲ್ಲಿ ಬೇಡಿಕೊಳ್ಳುವುದು ಒಂದನ್ನೇ: ಹುಟ್ಟಲಿರುವ ಮಗುವಿಗಾಗಿ ನಾವೇನು ಮಾಡಬೇಕೆಂದು ಕಲಿಸಲು ಅವನನ್ನು ಇನ್ನೊಮ್ಮೆ ಕಳುಹಿಸು. ದೂತನು ಮತ್ತೆ ಬಂದನು. ಆದರೆ ತಾಯಿಗೆ ಮೊದಲು ಹೇಳಿದ್ದನ್ನು ಬಿಟ್ಟರೆ ಹೊಸದಾಗಿ ಏನನ್ನೂ ಹೇಳಲಿಲ್ಲ. ಆ ಮಗುವೇ ಸಂಸೋನ. ದೇವರ ವಾಗ್ದಾನದಿಂದ ಹುಟ್ಟಿದವನು, ಪ್ರಾರ್ಥಿಸುವ ತಂದೆತಾಯಿಯ ಮಡಿಲಲ್ಲಿ ಬೆಳೆದವನು. ಆದರೂ ಅವನ ಬದುಕು ದಾರಿ ತಪ್ಪಿ ಎತ್ತೆತ್ತ ಹೋಯಿತೆಂಬುದು ಓದಿದವರಿಗೆಲ್ಲ ಗೊತ್ತು.

ಈ ಕಥೆಯನ್ನು ಬೇಕೆಂದೇ ಮೊದಲಿಗೆ ಇಟ್ಟಿದ್ದೇನೆ. ಮಕ್ಕಳನ್ನು ನಂಬಿಕೆಯಲ್ಲಿ ಬೆಳೆಸುವ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು, ಹೀಗೆ ಮಾಡಿದರೆ ಹೀಗೇ ಆಗುತ್ತದೆ ಎಂದು ಮಾತು ಕೊಡುತ್ತವೆ. ಸತ್ಯವೇದವು ಅಂಥ ಮಾತು ಕೊಡುವುದಿಲ್ಲ. ಕೆಳಗಿನ ಹಂತಗಳನ್ನು ಅನುಸರಿಸಿದರೆ ಮಗು ಖಂಡಿತ ವಿಶ್ವಾಸಿಯಾಗುತ್ತದೆ ಎಂದು ನಾನೂ ಹೇಳಲಾರೆ. ನಿಜವಾದ ನಂಬಿಕೆ ಹೇಗಿರುತ್ತದೆ ಎಂಬುದನ್ನು ಮಗು ದಿನವೂ ಹತ್ತಿರದಿಂದ ಕಾಣುವ ಮನೆಯೊಂದನ್ನು ಕಟ್ಟಲು ಇವು ನೆರವಾಗುತ್ತವೆ.

ಹಂತ 1: ನಿಮ್ಮ ಪಾಲನ್ನೂ ದೇವರ ಪಾಲನ್ನೂ ಬೇರೆ ಮಾಡಿಕೊಳ್ಳಿ

ನಡೆಯಬೇಕಾದ ಮಾರ್ಗಕ್ಕೆ ತಕ್ಕಂತೆ ಹುಡುಗನನ್ನು ಶಿಕ್ಷಣಗೊಳಿಸಿದರೆ ಮುಪ್ಪಿನಲ್ಲಿಯೂ ಅವನು ಅದರಿಂದ ಓರೆಯಾಗನು ಎಂಬ ಜ್ಞಾನೋಕ್ತಿ 22:6 ಹೆತ್ತವರಿಗೆ ಬಲ ಕೊಟ್ಟಿದೆ, ಕಣ್ಣೀರನ್ನೂ ಹಾಕಿಸಿದೆ. ಮಗ ದಾರಿ ತಪ್ಪಿದಾಗ ತಾಯಿಯೊಬ್ಬಳು ಇದೇ ವಾಕ್ಯದಿಂದ ತನ್ನನ್ನು ತಾನೇ ಚುಚ್ಚಿಕೊಳ್ಳುವುದುಂಟು. ಜ್ಞಾನೋಕ್ತಿಗಳು ಬದುಕು ಸಾಮಾನ್ಯವಾಗಿ ಹೇಗೆ ಸಾಗುತ್ತದೆ ಎಂಬುದನ್ನು ಹೇಳುವ ವಿವೇಕದ ಮಾತುಗಳು. ಅವನ್ನು ಕರಾರುಪತ್ರದಂತೆ ಓದಬಾರದು.

ಯೆಹೂದದ ಅರಸರ ಸಾಲನ್ನೇ ನೋಡಿ. ದುಷ್ಟನಾದ ಆಹಾಜನಿಗೆ ದೈವಭಕ್ತ ಹಿಜ್ಕೀಯ ಹುಟ್ಟಿದನು. ಹಿಜ್ಕೀಯನ ಮಗ ಮನಸ್ಸೆ ದೇವಾಲಯದಲ್ಲಿಯೇ ವಿಗ್ರಹಗಳನ್ನಿಟ್ಟನು. ಮನಸ್ಸೆಯ ಮಗ ಆಮೋನನೂ ಕೆಟ್ಟವನೇ; ಆ ಆಮೋನನ ಮಗನಾದ ಯೋಷೀಯನೋ ದೇಶವನ್ನೇ ದೇವರ ಕಡೆಗೆ ತಿರುಗಿಸಿದ ಅರಸ. ತಂದೆಯ ನಂಬಿಕೆಯಾಗಲಿ ಅಪನಂಬಿಕೆಯಾಗಲಿ ಮಗನಿಗೆ ತಾನಾಗಿ ಇಳಿದು ಬರಲಿಲ್ಲ.

ಹಾಗೆಂದು ಎಲ್ಲವೂ ದೇವರ ಚಿತ್ತ ಎಂದು ಕೈಕಟ್ಟಿ ಕೂರುವಂತೆಯೂ ಇಲ್ಲ. ಯಾಜಕನಾದ ಏಲಿ ತನ್ನ ಮಕ್ಕಳಾದ ಹೊಫ್ನಿ, ಫೀನೆಹಾಸರನ್ನು ಬಾಯಿಮಾತಿನಲ್ಲಿ ಗದರಿಸಿದನು, ತಡೆಯಲಿಲ್ಲ. 1 ಸಮುವೇಲ 3:13 ಅವನ ಮೇಲೆ ಹೊರಿಸುವ ತಪ್ಪು ಅದೇ.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ನಿಮ್ಮ ಕೈಯಲ್ಲಿರುವುದು: ಪ್ರಾರ್ಥಿಸುವುದು, ಕಲಿಸುವುದು, ಪ್ರೀತಿಸುವುದು, ತಡೆಯುವುದು, ನಿಮ್ಮ ತಪ್ಪಿಗೆ ಕ್ಷಮೆ ಕೇಳುವುದು. ಬಲಗಡೆ ನಿಮ್ಮ ಕೈಯಲ್ಲಿಲ್ಲದ್ದು: ಮಗುವಿನ ಹೃದಯ, ಅದರ ಹೊಸ ಹುಟ್ಟು, ದೇವರು ಅದನ್ನು ಮುಟ್ಟುವ ಸಮಯ. ಎಡಗಡೆಯದನ್ನು ಕೆಲಸದ ಪಟ್ಟಿಯಾಗಿಯೂ ಬಲಗಡೆಯದನ್ನು ಪ್ರಾರ್ಥನೆಯ ಪಟ್ಟಿಯಾಗಿಯೂ ಇಟ್ಟುಕೊಳ್ಳಿ. ಇವೆರಡೂ ಬೆರೆತಾಗಲೇ ಹೆತ್ತವರು ಬಲವಂತಕ್ಕೆ ಇಳಿಯುತ್ತಾರೆ, ಇಲ್ಲವೇ ಸೋತು ಕೈಚೆಲ್ಲುತ್ತಾರೆ.

ಹಂತ 2: ಗಂಡಹೆಂಡತಿ ಮೊದಲು ಮಾತಾಡಿಕೊಳ್ಳಿ

ಮಗುವಿನ ಮುಂದೆ ಒಬ್ಬರ ಮಾತನ್ನು ಇನ್ನೊಬ್ಬರು ಕಡಿಯಬಾರದು ಎಂದಿದ್ದರೆ ಒಮ್ಮತಕ್ಕೆ ಮೊದಲೇ ಬಂದಿರಬೇಕು. ಭಾನುವಾರದ ಆರಾಧನೆ, ಮೊಬೈಲ್ ಬಳಕೆ, ತಪ್ಪಿಗೆ ಏನು ಪರಿಣಾಮ, ರಾತ್ರಿಯ ಪ್ರಾರ್ಥನೆ ಯಾರ ಹೊಣೆ ಎಂಬ ನಾಲ್ಕು ವಿಷಯಗಳನ್ನಾದರೂ ಮಕ್ಕಳು ಮಲಗಿದ ಮೇಲೆ ಇತ್ಯರ್ಥ ಮಾಡಿಕೊಳ್ಳಿ.

ಸಂಗಾತಿಗೆ ನಂಬಿಕೆ ಇಲ್ಲದಿದ್ದರೆ ಎದೆಗುಂದಬೇಡಿ. ಅಪೊಸ್ತಲ ಪೌಲನ ಶಿಷ್ಯನಾದ ತಿಮೊಥೆಯನ ತಂದೆ ಗ್ರೀಕನು. ಹುಡುಗನಿಗೆ ನಂಬಿಕೆಯ ಹಾಲು ಸಿಕ್ಕಿದ್ದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯಿಂದ. ಆದರೆ ಮಗುವನ್ನು ನಡುವಿನ ದೂತನನ್ನಾಗಿ ಮಾಡಿ, ‘ಅಪ್ಪನಿಗೆ ಚರ್ಚಿಗೆ ಬರಲು ಹೇಳು’ ಎಂದು ಕಳುಹಿಸಬೇಡಿ. ಅದು ಮಗುವಿನ ಹೆಗಲಿಗೆ ತಕ್ಕ ಭಾರವಲ್ಲ. ಒಬ್ಬರೇ ಮಕ್ಕಳನ್ನು ಸಾಕುತ್ತಿರುವವರು ಸಭೆಯಲ್ಲಿ, ಅಂದರೆ ಚರ್ಚಿನ ವಿಶ್ವಾಸಿಗಳ ನಡುವೆ, ನಂಬಿಗಸ್ತರಾದ ಒಂದಿಬ್ಬರು ಹಿರಿಯರನ್ನು ಕೇಳಿ ಜೊತೆಗೆ ಸೇರಿಸಿಕೊಳ್ಳಿ. ಕೇಳಲು ಸಂಕೋಚ ಬೇಡ; ಸಭೆ ಇರುವುದೇ ಅದಕ್ಕೆ.

ಹಂತ 3: ದಿನದ ನಾಲ್ಕು ಹೊತ್ತನ್ನು ಹಿಡಿಯಿರಿ

ಧರ್ಮೋಪದೇಶಕಾಂಡ 6:7 ಹೇಳುವುದು ತರಗತಿಯ ಪಾಠವನ್ನಲ್ಲ. ಮನೆಯಲ್ಲಿ ಕುಳಿತಿರುವಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಮಾತಾಡಬೇಕು ಎನ್ನುತ್ತದೆ. ಅದಕ್ಕಿಂತ ಮುಂಚಿನ ವಚನವನ್ನು ದಾಟಿ ಹೋಗಬೇಡಿ: ಈ ಮಾತುಗಳು ಮೊದಲು ನಿಮ್ಮ ಹೃದಯದಲ್ಲಿರಬೇಕು.

ಕುಳಿತಿರುವ ಹೊತ್ತೆಂದರೆ ಊಟದ ಹೊತ್ತು. ಅಂದು ಸಂತೋಷ ಕೊಟ್ಟದ್ದು ಯಾವುದು, ನೋವು ಕೊಟ್ಟದ್ದು ಯಾವುದು ಎಂದು ಕೇಳಿ, ಎರಡನ್ನೂ ಪ್ರಾರ್ಥನೆಯಲ್ಲಿ ಹೆಸರಿಸಿ. ದಾರಿಯಲ್ಲಿ ಹೋಗುವಾಗ ಮಕ್ಕಳು ನಿಮ್ಮ ಮುಖ ನೋಡಬೇಕಿಲ್ಲ, ಆದ್ದರಿಂದ ಮನಸ್ಸು ಬಿಚ್ಚುತ್ತಾರೆ. ಆಗ ಉಪದೇಶ ಕಡಿಮೆ ಮಾಡಿ ಕಿವಿಗೊಡಿ. ಮಲಗುವ ಹೊತ್ತಿನಲ್ಲಿ ತಲೆಯ ಮೇಲೆ ಕೈಯಿಟ್ಟು, ಅರಣ್ಯಕಾಂಡ 6:24ರಿಂದ 26ರವರೆಗಿನ ಆಶೀರ್ವಾದವನ್ನು ಹೇಳಿ. ಕೆಲವೇ ಸಾಲುಗಳು. ಎಷ್ಟೋ ವರ್ಷಗಳಾದ ಮೇಲೂ ಮಕ್ಕಳ ಬಾಯಲ್ಲಿ ಉಳಿಯುವುದು ದೊಡ್ಡ ಪ್ರಸಂಗಗಳಿಗಿಂತ ಇಂಥ ಸಾಲುಗಳೇ ಎಂಬುದನ್ನು ಕಂಡಿದ್ದೇನೆ. ಬೆಳಗಿನ ಅವಸರದಲ್ಲಿ ಬಾಗಿಲ ಬಳಿ ಒಂದೇ ವಾಕ್ಯದ ಪ್ರಾರ್ಥನೆ ಸಾಕು.

ಹಂತ 4: ಕುಟುಂಬ ಪ್ರಾರ್ಥನೆಯನ್ನು ಚಿಕ್ಕದಾಗಿಡಿ, ಬಿಡದೆ ನಡೆಸಿ

ಜರ್ಮನಿಯ ಸಭಾ ಸುಧಾರಕ ಮಾರ್ಟಿನ್ ಲೂಥರ್ 1529ರಲ್ಲಿ ತಮ್ಮ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಹೊರತಂದಾಗ, ಮನೆಯ ಯಜಮಾನನು ಮನೆಯವರಿಗೆ ಸರಳವಾಗಿ ಕಲಿಸುವುದಕ್ಕೆ ಎಂದು ಅದರಲ್ಲೇ ಸೂಚಿಸಿದ್ದರು. ದಶಾಜ್ಞೆ, ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ಪ್ರತಿಯೊಂದರ ಮುಂದೆಯೂ ‘ಇದು ಏನು?’ ಎಂಬ ಮಗುವಿನ ಪ್ರಶ್ನೆ. ಇಂದಿಗೂ ಇದಕ್ಕಿಂತ ಒಳ್ಳೆಯ ಕ್ರಮ ನನಗೆ ತೋಚುವುದಿಲ್ಲ: ಸ್ವಲ್ಪ ಓದು, ಒಂದು ಪ್ರಶ್ನೆ, ಒಂದು ಪ್ರಾರ್ಥನೆ.

ಐದು ವರ್ಷದೊಳಗಿನ ಮಕ್ಕಳಿಗೆ ಮೂರು ನಾಲ್ಕು ನಿಮಿಷ ಸಾಕು. ಒಂದು ಕಥೆಯನ್ನು ನಿಮ್ಮ ಮಾತಿನಲ್ಲಿ ಹೇಳಿ, ಒಂದು ಹಾಡು ಹಾಡಿ, ಅವರೇ ಒಂದು ಮಾತು ಪ್ರಾರ್ಥಿಸಲಿ. ಶಾಲೆಗೆ ಹೋಗುವ ಮಕ್ಕಳೊಂದಿಗೆ ಮಾರ್ಕನ ಸುವಾರ್ತೆಯಿಂದ ಆರಂಭಿಸುವುದು ಒಳ್ಳೆಯದು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, ಘಟನೆಗಳು ಬೇಗ ಬೇಗ ಸಾಗುತ್ತವೆ. ದಿನಕ್ಕೊಂದು ಘಟನೆ ಓದಿ, ‘ಇಲ್ಲಿ ಯೇಸು ಎಂಥವನೆಂದು ಕಾಣುತ್ತದೆ?’ ಎಂದಷ್ಟೇ ಕೇಳಿ. ಉತ್ತರ ತಪ್ಪಾದರೆ ಗದರಬೇಡಿ. ಹದಿಹರೆಯದವರಿಗೆ ಓದುವ ಸರದಿಯನ್ನೂ ನಡೆಸುವ ಸರದಿಯನ್ನೂ ಬಿಟ್ಟುಕೊಡಿ.

ಮಗು ಆಕಳಿಸುತ್ತದೆ, ಚಿಕ್ಕವನು ಮೇಜಿನ ಕೆಳಗೆ ನುಸುಳುತ್ತಾನೆ, ಯಾರೋ ನಗುತ್ತಾರೆ. ನಡೆಯಲಿ. ಪ್ರಾರ್ಥನೆ ಒಂದು ದಿನ ತಪ್ಪಿದರೆ ಮರುದಿನ ಹೊಸದಾಗಿ ಆರಂಭಿಸಿ. ಎರಡು ದಿನದ್ದನ್ನು ಒಟ್ಟಿಗೆ ತುರುಕಬೇಡಿ. ಸತ್ಯವೇದದ ಓದನ್ನೋ ಬಾಯಿಪಾಠವನ್ನೋ ಎಂದಿಗೂ ಶಿಕ್ಷೆಯಾಗಿ ಕೊಡಬೇಡಿ. ಶಿಕ್ಷೆಯಾಗಿ ಬಂದ ಪುಸ್ತಕವನ್ನು ಯಾವ ಮಗುವೂ ಪ್ರೀತಿಯಿಂದ ತೆರೆಯುವುದಿಲ್ಲ.

ಹಂತ 5: ಪ್ರಶ್ನೆಗಳಿಗೆ ಬಾಗಿಲು ತೆರೆದಿಡಿ

ಐಗುಪ್ತದ ದಾಸತ್ವದಿಂದ ಬಿಡುಗಡೆಯಾದದ್ದನ್ನು ನೆನೆಯುವ ಪಸ್ಕದ ಆಚರಣೆಯನ್ನು ದೇವರು ನೇಮಿಸಿದಾಗಲೇ, ಇದರ ಅರ್ಥವೇನೆಂದು ನಿಮ್ಮ ಮಕ್ಕಳು ಕೇಳುವರು ಎಂಬ ಮಾತು ಬರುತ್ತದೆ (ವಿಮೋಚನಕಾಂಡ 12:26). ಯೊರ್ದನ್ ಹೊಳೆಯಿಂದ ಹನ್ನೆರಡು ಕಲ್ಲುಗಳನ್ನು ಎತ್ತಿ ನಿಲ್ಲಿಸಿದ್ದೂ ಮಕ್ಕಳು ನೋಡಿ ಕೇಳಲೆಂದೇ. ಕೇಳುವ ಮಗುವಿಗೆ ದೇವರ ಏರ್ಪಾಡಿನಲ್ಲಿ ಮೊದಲಿನಿಂದಲೂ ಜಾಗವಿದೆ. ಹಾಗಿರುವಾಗ ‘ಹಾಗೆಲ್ಲ ಕೇಳಬಾರದು, ಸುಮ್ಮನೆ ನಂಬು’ ಎನ್ನುವ ಅಧಿಕಾರ ನಮಗೆಲ್ಲಿಂದ ಬಂತು?

ಸುಲಭದ ಪ್ರಶ್ನೆಗಳಿಗೆ ಉತ್ತರ ಕೊಡಿ. ಕಷ್ಟದವಕ್ಕೆ, ‘ನನಗೂ ಪೂರ್ತಿ ಗೊತ್ತಿಲ್ಲ, ಹುಡುಕೋಣ’ ಎನ್ನಿ, ಮತ್ತು ನಿಜವಾಗಿಯೂ ಹುಡುಕಿ. ಅದೇ ವಾರದಲ್ಲಿ ನೀವೇ ಆ ಮಾತನ್ನು ಮತ್ತೆ ಎತ್ತಿದರೆ ತನ್ನ ಪ್ರಶ್ನೆಗೆ ಬೆಲೆಯಿದೆ ಎಂದು ಮಗುವಿಗೆ ತಿಳಿಯುತ್ತದೆ.

ಎಲ್ಲಕ್ಕಿಂತ ಕಷ್ಟವಾದದ್ದು ಸಾವು ಮತ್ತು ಉತ್ತರ ಸಿಗದ ಪ್ರಾರ್ಥನೆ. ಅಜ್ಜಿ ಗುಣವಾಗಲಿ ಎಂದು ಮಗು ದಿನವೂ ಬೇಡಿಕೊಂಡಿತ್ತು, ಅಜ್ಜಿ ತೀರಿಕೊಂಡರು. ಇಲ್ಲಿ ಮೂರು ಮಾತುಗಳನ್ನು ದಯವಿಟ್ಟು ಆಡಬೇಡಿ. ‘ಅಜ್ಜಿ ಮಲಗಿದ್ದಾರೆ’ ಎಂದರೆ ಚಿಕ್ಕ ಮಗು ಅಂದಿನಿಂದ ನಿದ್ದೆಗೆ ಹೆದರಬಹುದು. ‘ಒಳ್ಳೆಯವರನ್ನು ದೇವರು ಬೇಗ ಕರೆದುಕೊಳ್ಳುತ್ತಾನೆ’ ಎಂದರೆ ಒಳ್ಳೆಯವಳಾಗಿರಲು ಹೆದರಬಹುದು. ‘ನಾವು ಇನ್ನಷ್ಟು ನಂಬಿದ್ದರೆ ಬದುಕುತ್ತಿದ್ದರು’ ಎಂಬುದಂತೂ ಅಜ್ಜಿಯ ಸಾವನ್ನು ಮೊಮ್ಮಗಳ ತಲೆಗೆ ಕಟ್ಟುವ ಮಾತು.

ಅವುಗಳ ಬದಲು ನಿಜವನ್ನೇ ಸರಳವಾಗಿ ಹೇಳಿ: ಅಜ್ಜಿಯ ದೇಹ ನಿಂತುಹೋಗಿದೆ, ಅವರು ಕರ್ತನ ಬಳಿಯಲ್ಲಿದ್ದಾರೆ, ನಮಗೆ ತುಂಬ ದುಃಖವಾಗಿದೆ. ಸತ್ತ ಸ್ನೇಹಿತ ಲಾಜರನನ್ನು ಎಬ್ಬಿಸಲಿದ್ದೇನೆಂದು ತಿಳಿದಿದ್ದರೂ ಯೇಸು ಅವನ ಸಮಾಧಿಗೆ ಹೋಗುವಾಗ ಅತ್ತನು. ಶಿಲುಬೆಯ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಈ ಸಂಕಟದ ಪಾತ್ರೆ ತೊಲಗಲಿ ಎಂದು ಬೇಡಿದಾಗ ಅವನಿಗೂ ಅದು ತೊಲಗಲಿಲ್ಲ. ಇದನ್ನು ಮಕ್ಕಳಿಗೆ ತಿಳಿಸಬೇಕು. ‘ಯೆಹೋವನೇ, ಎಷ್ಟರವರೆಗೆ?’ ಎಂದು ಕೂಗುವ 13ನೆಯ ಕೀರ್ತನೆಯನ್ನು ಅವರೊಂದಿಗೆ ಓದಿ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥ ಪ್ರಾರ್ಥನೆಯನ್ನೂ ದೇವರು ತನ್ನ ಪುಸ್ತಕದಲ್ಲಿ ಉಳಿಸಿಕೊಂಡಿದ್ದಾನೆ. ದೇವರ ಮೇಲೆ ಬಂದ ಸಿಟ್ಟನ್ನು ದೇವರಿಗೇ ಹೇಳಬಹುದೆಂದು ಚಿಕ್ಕಂದಿನಲ್ಲಿ ಕಲಿತ ಮಗು, ಮುಂದೆ ಸಿಟ್ಟು ಬಂದಾಗ ಅವನನ್ನು ಬಿಟ್ಟು ಹೋಗುವುದೊಂದೇ ದಾರಿ ಎಂದು ಭಾವಿಸುವುದಿಲ್ಲ.

ಹಂತ 6: ಶಿಸ್ತು ಇರಲಿ, ಭಯ ಬೇಡ

ಎಫೆಸದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ, ತಂದೆತಾಯಿಗಳಿಗೆ ವಿಧೇಯರಾಗಿರಿ ಎಂದು ಮಕ್ಕಳಿಗೆ ಹೇಳಿದ ಪೌಲನು ಕೂಡಲೇ ತಂದೆಗಳ ಕಡೆ ತಿರುಗಿ, ಮಕ್ಕಳಿಗೆ ಕೋಪವೆಬ್ಬಿಸಬೇಡಿರಿ ಎನ್ನುತ್ತಾನೆ. ಕೊಲೊಸ್ಸೆಯವರಿಗೆ ಬರೆದದ್ದರಲ್ಲಿ ಕಾರಣವನ್ನೂ ಕೊಡುತ್ತಾನೆ: ಅವರ ಮನಸ್ಸು ಕುಂದೀತು. ಮಕ್ಕಳ ಮೇಲೆ ತಂದೆಗೆ ಸಂಪೂರ್ಣ ಅಧಿಕಾರವಿದ್ದ ರೋಮನ್ ಲೋಕದಲ್ಲಿ ಬರೆದ ಮಾತಿದು. ಮಕ್ಕಳಿಗೆ ಹೇಳಿದ್ದನ್ನು ಗೋಡೆಗೆ ತೂಗುಹಾಕುವ ನಾವು ತಂದೆಗಳಿಗೆ ಹೇಳಿದ್ದನ್ನೂ ಅದರ ಪಕ್ಕದಲ್ಲೇ ತೂಗುಹಾಕಬೇಕು.

ಬೆತ್ತದ ಬಗ್ಗೆ ಜ್ಞಾನೋಕ್ತಿಗಳಲ್ಲಿ ಮಾತುಗಳಿವೆ, ನಿಜ. ಮಕ್ಕಳನ್ನು ಹೊಡೆಯುವುದಕ್ಕೆ ಅವನ್ನು ಅಪ್ಪಣೆಯೆಂದು ನಾನು ಓದುವುದಿಲ್ಲ. ಆ ಮಾತುಗಳ ತಿರುಳು, ತಿದ್ದದೆ ಬಿಡುವುದು ಪ್ರೀತಿಯಲ್ಲ ಎಂಬುದು. ಮಕ್ಕಳನ್ನು ಅಪ್ಪಿಕೊಂಡು, ಕೈಯಿಟ್ಟು ಆಶೀರ್ವದಿಸಿದ ಕರ್ತನನ್ನು ಹಿಂಬಾಲಿಸುವವರಿಗೆ ತಿದ್ದಲು ಬೇರೆ ದಾರಿಗಳಿವೆ.

ಮನೆಯಲ್ಲಿ ನಿಯಮಗಳು ಕಡಿಮೆಯಿರಲಿ, ಅವು ಮೊದಲೇ ತಿಳಿದಿರಲಿ. ಸುಳ್ಳು, ಹಿಂಸೆ, ಅವಮಾನ ಈ ಮೂರರಲ್ಲಿ ಗಟ್ಟಿಯಾಗಿರಿ. ಚೆಲ್ಲಿದ ಹಾಲಿಗೆ ಬಟ್ಟೆ ಕೊಟ್ಟು ಒರೆಸಲು ಹೇಳಿ. ತಿದ್ದುವಾಗ ಇತರರ ಮುಂದೆ ಬೇಡ, ಕೋಪ ಇಳಿಯುವ ಮುಂಚೆ ಬೇಡ. ಪರಿಣಾಮವು ತಪ್ಪಿಗೆ ಸಂಬಂಧಪಟ್ಟಿರಲಿ: ತಂಗಿಯ ಚಿತ್ರ ಹರಿದವನು ಅವಳೊಂದಿಗೆ ಕುಳಿತು ಅಂಟಿಸಲಿ. ಕೊನೆಯಲ್ಲಿ ಅಪ್ಪಿಕೊಂಡು, ವಿಷಯ ಮುಗಿಯಿತೆಂದು ಹೇಳಿ. ಮುಗಿದದ್ದನ್ನು ಮುಂದಿನ ಜಗಳದಲ್ಲಿ ಎಳೆದು ತರಬೇಡಿ. ‘ದೇವರು ನಿನ್ನನ್ನು ಶಿಕ್ಷಿಸುತ್ತಾನೆ ನೋಡು’ ಎಂದು ಬೆದರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ನಮ್ಮ ಕೋಪಕ್ಕೆ ದೇವರ ಹೆಸರಿಟ್ಟಂತೆ ಅದು.

ಹಂತ 7: ಮಕ್ಕಳಲ್ಲಿ ಕ್ಷಮೆ ಕೇಳಿ

ಸುವಾರ್ತೆಯನ್ನು ಮನೆಯಲ್ಲಿ ಮಗು ಕಣ್ಣಾರೆ ಕಾಣುವುದು ಇಲ್ಲಿಯೇ. ಕಿರುಚಿದಿರಿ, ಅನ್ಯಾಯವಾಗಿ ಬೈದಿರಿ. ಮಗುವಿನ ಎತ್ತರಕ್ಕೆ ಕುಳಿತು, ‘ನಾನು ನಿನ್ನ ಮೇಲೆ ಕಿರುಚಿದೆ. ಅದು ಪಾಪ. ನನ್ನನ್ನು ಕ್ಷಮಿಸುತ್ತೀಯಾ?’ ಎನ್ನಿ. ಅಲ್ಲಿಗೇ ನಿಲ್ಲಿಸಿ. ‘ಆದರೆ ನೀನು ಹಾಗೆ ಮಾಡಬಾರದಿತ್ತು’ ಎಂದು ಸೇರಿಸಿದರೆ ಕ್ಷಮೆ ಆಪಾದನೆಯಾಗುತ್ತದೆ. ಮಗುವಿಗೆ ಕೂಡಲೇ ಕ್ಷಮಿಸಲಾಗದಿದ್ದರೆ ಕಾಯಿರಿ. ಹೀಗೆ ಕೇಳಿದರೆ ಅಧಿಕಾರ ಕುಗ್ಗುತ್ತದೆಂದು ಹಲವರು ಅಂಜುತ್ತಾರೆ. ಪಾಪವನ್ನು ಒಪ್ಪಿಕೊಳ್ಳಬಹುದು, ಒಪ್ಪಿಕೊಂಡವನಿಗೆ ಕ್ಷಮೆಯಿದೆ ಎಂಬುದನ್ನು ಮಗು ಬೇರೆಲ್ಲಿ ನೋಡಬೇಕು?

ಹಂತ 8: ಪ್ರತಿ ಮಗುವಿಗೂ ಅದರದೇ ಸಮಯ ಕೊಡಿ

ಇಂಗ್ಲೆಂಡಿನ ಮೆಥೊಡಿಸ್ಟ್ ಚಳುವಳಿಯ ನಾಯಕರಾದ ಜಾನ್ ಮತ್ತು ಚಾರ್ಲ್ಸ್ ವೆಸ್ಲಿಯರ ತಾಯಿ ಸೂಸನ್ನ ವೆಸ್ಲಿ 19 ಮಕ್ಕಳನ್ನು ಹೆತ್ತವರು. ಅವರಲ್ಲಿ ಬಹಳ ಮಂದಿ ಎಳವೆಯಲ್ಲೇ ತೀರಿಕೊಂಡರು. ಬಡತನ, ಸಾಲ, ಆಗಾಗ ಮನೆಯಲ್ಲಿರದ ಗಂಡ, 1709ರಲ್ಲಿ ಸುಟ್ಟುಹೋದ ಮನೆ. ಇಷ್ಟರ ನಡುವೆ ಆಕೆ ವಾರದ ಸಂಜೆಗಳನ್ನು ಮಕ್ಕಳಿಗೆ ಹಂಚಿಕೊಟ್ಟು, ಒಬ್ಬೊಬ್ಬರೊಂದಿಗೂ ಪ್ರತ್ಯೇಕವಾಗಿ ಕುಳಿತು ಮಾತಾಡುತ್ತಿದ್ದರು. ಗುರುವಾರ ಜಾನ್‌ನದು. ದೊಡ್ಡವನಾಗಿ ದೂರದಲ್ಲಿದ್ದಾಗ ಜಾನ್ ತಾಯಿಗೆ ಬರೆದ ಪತ್ರದಲ್ಲಿ ಆ ಗುರುವಾರದ ಸಂಜೆಯನ್ನೇ ನೆನೆದರು.

ನಿಮಗೆ ವಾರಕ್ಕೆ ಅರ್ಧ ಗಂಟೆ ಸಿಕ್ಕರೂ ಸಾಕು. ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮಗು ಆರಿಸಿದ ಆಟವನ್ನಾಡಿ ಅಥವಾ ಸುಮ್ಮನೆ ನಡೆಯಿರಿ.

ಆನಂದ ಹೆಚ್ಚಾಗಿ ಸಿಗುವುದು ಇಂಥ ಹೊತ್ತಿನಲ್ಲಿಯೇ. ಕಾಗೆಗೂ ದೇವರ ಹೆಸರು ಗೊತ್ತೇ ಎಂಬ ಪ್ರಶ್ನೆ, ಶತ್ರುವೆಂದು ತಿಳಿದಿದ್ದ ಸಹಪಾಠಿಗಾಗಿ ಇದ್ದಕ್ಕಿದ್ದಂತೆ ಬಂದ ಪ್ರಾರ್ಥನೆ, ಯಾರೂ ಹೇಳದೆ ಹಂಚಿಕೊಂಡ ತಿಂಡಿ. ಒಂದು ನೋಟ್‌ಬುಕ್ ಇಟ್ಟು ದಿನಾಂಕದೊಂದಿಗೆ ಬರೆದಿಡಿ. ಯೇಸುವಿನ ತಾಯಿ ಮರಿಯಳು ಈ ಸಂಗತಿಗಳನ್ನೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡಳೆಂದು ಲೂಕನು ಹೇಳುತ್ತಾನೆ. ನಮ್ಮ ಮನಸ್ಸು ಮರೆಯುವುದು ಹೆಚ್ಚು, ಆದ್ದರಿಂದ ಬರೆಯುವುದು ಲೇಸು.

ಹಂತ 9: ಸಭೆಯೊಂದಿಗೆ ಸೇರಿ ಬೆಳೆಸಿ, ಎಚ್ಚರವನ್ನೂ ಇಟ್ಟುಕೊಳ್ಳಿ

ರಾಬರ್ಟ್ ರೈಕ್ಸ್ 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ಭಾನುವಾರ ಶಾಲೆ ಆರಂಭಿಸಿದ್ದು, ವಾರವೆಲ್ಲ ದುಡಿಯುತ್ತಿದ್ದ ಬಡ ಮಕ್ಕಳಿಗೆ ಅಕ್ಷರವನ್ನೂ ಧರ್ಮವನ್ನೂ ಕಲಿಸಲು. ಮನೆಯ ಕೆಲಸವನ್ನು ಕಸಿದುಕೊಳ್ಳುವುದು ಅದರ ಉದ್ದೇಶವಾಗಿರಲಿಲ್ಲ. ಭಾನುವಾರ ಶಾಲೆಯಲ್ಲಿ ಏನು ಕಲಿತಿರೆಂದು ಕೇಳಿ, ಅದನ್ನು ವಾರದಲ್ಲಿ ಮುಂದುವರಿಸಿ. ಶನಿವಾರ ರಾತ್ರಿಯೇ ಬಟ್ಟೆಬರೆ ಸಿದ್ಧವಾಗಿದ್ದರೆ ಭಾನುವಾರ ಬೆಳಗಿನ ಜಗಳಗಳು ಅರ್ಧಕ್ಕೆ ಇಳಿಯುತ್ತವೆ. ಆರಾಧನೆಯಲ್ಲಿ ಮಗು ಗದ್ದಲ ಮಾಡಿದರೆ ನಾಚಬೇಡಿ. ಮಕ್ಕಳನ್ನು ತಂದವರನ್ನು ಗದರಿಸಿದ ಶಿಷ್ಯರ ಮೇಲೆಯೇ ಯೇಸು ಸಿಟ್ಟಾದದ್ದು.

ಎಚ್ಚರದ ಮಾತು: ಎಷ್ಟೇ ಗೌರವಾನ್ವಿತರಾಗಿರಲಿ, ವಯಸ್ಕರೊಬ್ಬರು ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರುವಂತೆ ಬಿಡಬೇಡಿ. ಯಾರಾದರೂ ಮುಟ್ಟಬಾರದಂತೆ ಮುಟ್ಟಿದರೆ ಕೂಡಲೇ ತಿಳಿಸಬೇಕೆಂದೂ ಅದು ತನ್ನ ತಪ್ಪಲ್ಲವೆಂದೂ ಮಗುವಿಗೆ ಕಲಿಸಿ. ಅಂಥದ್ದು ನಡೆದರೆ ಮಗುವನ್ನು ನಂಬಿ, ಪೊಲೀಸರಿಗೆ ತಿಳಿಸಿ. ಸಭೆಯ ಹೆಸರು ಕೆಡುತ್ತದೆಂದು ಮುಚ್ಚಿಡುವುದು, ಕ್ಷಮಿಸಿಬಿಡು ಎಂದು ಮಗುವನ್ನು ಒತ್ತಾಯಿಸುವುದು ಪಾಪ. ಚಿಕ್ಕವರಿಗೆ ಅಡ್ಡಿಯಾಗುವವನ ಕೊರಳಿಗೆ ಬೀಸುವ ಕಲ್ಲನ್ನು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಲೇಸೆಂದು ಯೇಸು ಹೇಳಿದ್ದಾನೆ.

ಹಂತ 10: ಹದಿಹರೆಯದಲ್ಲಿ ಹಿಡಿತ ಸಡಿಲಿಸುತ್ತಾ ಬನ್ನಿ

ಹನ್ನೆರಡು ವರ್ಷದ ಯೇಸು ಯೆರೂಸಲೇಮಿನಲ್ಲಿ ಉಳಿದುಬಿಟ್ಟಾಗ ಮರಿಯ, ಯೋಸೇಫರು ಮೂರು ದಿನವಾದ ಮೇಲೆ ಅವನನ್ನು ಕಂಡರು. ಅವನು ಆಡಿದ ಮಾತು ಅವರಿಗೆ ಅರ್ಥವಾಗಲಿಲ್ಲ. ಬೆಳೆಯುವ ಮಗು ಅರ್ಥವಾಗದಿರುವುದು ಅಂಥ ಮನೆಯಲ್ಲೂ ಇತ್ತು.

ಮೊಬೈಲನ್ನು ರಾತ್ರಿ ಎಲ್ಲರೂ ಒಂದೇ ಕಡೆ ಇಡಲಿ, ನಿಮ್ಮದನ್ನೂ ಸೇರಿಸಿ. ಕೆಟ್ಟದ್ದನ್ನು ನೋಡಿಬಿಟ್ಟೆ ಎಂದು ಮಗ ಹೇಳಿಕೊಂಡರೆ, ಮೊದಲು ಹೇಳಿದ್ದಕ್ಕೆ ಕೃತಜ್ಞತೆ ಸಲ್ಲಿಸಿ. ಮುಖ ಗಂಟಿಕ್ಕಿದರೆ ಎರಡನೆಯ ಸಲ ಅವನು ಬರುವುದಿಲ್ಲ. ಗೆಳೆಯರೆಲ್ಲ ತೆಗೆದುಕೊಂಡರೆಂದು ದೀಕ್ಷಾಸ್ನಾನಕ್ಕೋ ದೃಢೀಕರಣಕ್ಕೋ ತಳ್ಳಬೇಡಿ. ಸಂಶಯಗಳನ್ನು ಮಾತಾಡಲು ನಿಮ್ಮನ್ನು ಬಿಟ್ಟು ಇನ್ನೊಬ್ಬ ವಿಶ್ವಾಸಿ ಹಿರಿಯರು ಅವರಿಗೆ ಇರಲಿ. ಮಗಳು ವಾರಗಟ್ಟಲೆ ಮಂಕಾಗಿದ್ದರೆ, ಬದುಕು ಬೇಡವೆಂಬಂತೆ ಮಾತಾಡಿದರೆ, ಪ್ರಾರ್ಥನೆಯ ಜೊತೆಗೆ ವೈದ್ಯರ ಬಳಿಗೂ ತಡಮಾಡದೆ ಕರೆದೊಯ್ಯಿರಿ. ಅದು ನಂಬಿಕೆಯ ಕೊರತೆಯಲ್ಲ.

ಹಂತ 11: ಮಗು ನಂಬಿಕೆಯಿಂದ ದೂರ ಹೋದಾಗ

ಮುಂದೆ ಸಭೆಯ ದೊಡ್ಡ ಬೋಧಕರಾದ ಆಗಸ್ಟೀನ್ 354ರಲ್ಲಿ ಉತ್ತರ ಆಫ್ರಿಕಾದ ತಗಾಸ್ತೆಯಲ್ಲಿ ಹುಟ್ಟಿದರು. ತಾಯಿ ಮೋನಿಕಾ ಕ್ರೈಸ್ತಳು. ಮಗ ಯೌವನದಲ್ಲಿ, ಬೆಳಕು ಕತ್ತಲೆಗಳೆಂಬ ಎರಡು ಶಕ್ತಿಗಳನ್ನು ನಂಬುವ ಮಾನಿಕೇಯ ಪಂಥ ಸೇರಿದಾಗ ಆಕೆ ಅವನನ್ನು ತನ್ನ ಮನೆಯ ಊಟದ ಮೇಜಿನಿಂದಲೇ ದೂರವಿಟ್ಟಳು. ಬಳಿಕ ಕಂಡ ಒಂದು ಕನಸಿನಿಂದ ಧೈರ್ಯಗೊಂಡು ಮತ್ತೆ ಸೇರಿಸಿಕೊಂಡಳು. ಮಗನೊಂದಿಗೆ ವಾದಿಸಿ ಅವನನ್ನು ತಿದ್ದಬೇಕೆಂದು ಬಿಷಪರೊಬ್ಬರನ್ನು ಕಾಡಿದಾಗ ಅವರು ಒಪ್ಪಲಿಲ್ಲ: ಈಗ ಅವನು ಕೇಳುವ ಸ್ಥಿತಿಯಲ್ಲಿಲ್ಲ, ಅವನಿಗಾಗಿ ಪ್ರಾರ್ಥಿಸು, ಓದುತ್ತಾ ಹೋದಂತೆ ತಾನೇ ತಪ್ಪನ್ನು ಕಾಣುವನು ಎಂದರು. ಆಕೆ ಅಳುತ್ತಲೇ ಒತ್ತಾಯಿಸಿದಾಗ, ಇಷ್ಟು ಕಣ್ಣೀರಿನ ಮಗ ನಾಶವಾಗಲಾರ ಎಂದು ಕಳುಹಿಸಿದರು. ಆಮೇಲೂ ಮಗ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ರೋಮಿಗೆ ಹಡಗು ಹತ್ತಿದನು. 387ರಲ್ಲಿ ಮಿಲಾನಿನಲ್ಲಿ ಅಲ್ಲಿನ ಬಿಷಪ್ ಅಂಬ್ರೋಸರಿಂದ ದೀಕ್ಷಾಸ್ನಾನ ಪಡೆದನು. ಅದೇ ವರ್ಷ ಮೋನಿಕಾ ಓಸ್ತಿಯಾದಲ್ಲಿ ತೀರಿಕೊಂಡಳು.

ಎಲ್ಲ ಮೋನಿಕಾಗಳಿಗೂ ಆ ದಿನವನ್ನು ಕಾಣುವ ಭಾಗ್ಯ ಸಿಗುವುದಿಲ್ಲ ಎಂದು ನನಗೆ ಗೊತ್ತು. ಆದರೂ ಆ ಬಿಷಪರ ಸಲಹೆ ಇಂದಿಗೂ ಸಲ್ಲುತ್ತದೆ. ವಾದ ನಿಲ್ಲಿಸಿ. ಮಗಳು ಮನೆಗೆ ಬಂದಾಗ ವಚನದಿಂದ ಎದುರುಗೊಳ್ಳಬೇಡಿ, ಊಟದಿಂದ ಎದುರುಗೊಳ್ಳಿ. ಹುಟ್ಟುಹಬ್ಬದ ಶುಭಾಶಯಕ್ಕೆ ಚರ್ಚಿನ ಆಮಂತ್ರಣವನ್ನು ಅಂಟಿಸಬೇಡಿ. ನಂಬಿಕೆಯನ್ನು ಯಾಕೆ ಬಿಟ್ಟೆ ಎಂದು ಒಮ್ಮೆ ಪ್ರಾಮಾಣಿಕವಾಗಿ ಕೇಳಿ, ಉತ್ತರಕ್ಕೆ ಉತ್ತರ ಕೊಡದೆ ಆಲಿಸಿ. ಸಭೆಯಲ್ಲಿ ಅವಳಿಗಾದ ಗಾಯ ಅದರಲ್ಲಿದ್ದರೆ ಸಮರ್ಥಿಸಿಕೊಳ್ಳಬೇಡಿ. ನಿಮ್ಮ ದುಃಖವನ್ನು ಅವಳ ಮೇಲೆ ಸುರಿಯದೆ ದೇವರ ಮುಂದೆ, ಗುಟ್ಟು ಉಳಿಸಿಕೊಳ್ಳಬಲ್ಲ ಒಬ್ಬ ಸ್ನೇಹಿತೆಯ ಮುಂದೆ ಸುರಿಯಿರಿ. ಮನೆಯಲ್ಲೇ ಉಳಿದ ಇನ್ನೊಂದು ಮಗುವನ್ನು ಮರೆಯಬೇಡಿ. ಲೂಕ 15ರ ತಪ್ಪಿಹೋದ ಮಗನ ಕಥೆಯಲ್ಲಿ ತಂದೆ, ಮನೆಯಲ್ಲೇ ಇದ್ದ ದೊಡ್ಡ ಮಗನನ್ನು ಕರೆಯಲಿಕ್ಕೂ ಹೊರಗೆ ಬಂದನು.

ಮಕ್ಕಳೆಲ್ಲರೂ ಪ್ರತಿ ಭಾನುವಾರ ಪಕ್ಕದಲ್ಲೇ ಕೂರುವ ಹೆತ್ತವರಲ್ಲಿ ಒಂದು ಬೇಡಿಕೆ. ಸಭೆಯಲ್ಲಿ ಇಂಥ ತಾಯಿ ಇದ್ದರೆ, ‘ಎಲ್ಲಿ ತಪ್ಪಿತು?’ ಎಂದು ಕೇಳಬೇಡಿ, ನಿಮ್ಮ ಮನೆಯ ಕ್ರಮವನ್ನು ವಿವರಿಸಬೇಡಿ. ಅವರ ಮಗನ ಹೆಸರು ಹಿಡಿದು ಚೆನ್ನಾಗಿದ್ದಾನೆಯೇ, ಕೆಲಸ ಹೇಗಿದೆ, ಯಾವಾಗ ಬರುತ್ತಾನೆ ಎಂದು ವಿಚಾರಿಸಿ. ಬಂದಾಗ ಹೋಗಿ ಮಾತಾಡಿಸಿ.